ಎರಡನೆಯ ಸೋಲಿನವರೆಗೆ

'ಸೋಲೇ ಗೆಲುವಿನ ಸೋಪಾನ' ಎಂಬ ಮಾತು ಬರೆದಿರದ ಶಾಲೆಯ ಗೋಡೆ ನಮ್ಮ ಕಡೆ ಸಿಗುವುದು ಕಡಿಮೆ. ಬೇಸಿಗೆಯ ರಜೆಯಲ್ಲಿ ಸುಣ್ಣ ಹೊಡೆಸಿದಾಗ ಈ ಮಾತು ಅಳಿಸಿಹೋಗುತ್ತದೆ, ಶಾಲೆ ಆರಂಭವಾಗುವ ಹೊತ್ತಿಗೆ ನೀಲಿ ಅಕ್ಷರದಲ್ಲಿ ಮತ್ತೆ ಬಂದು ಕೂರುತ್ತದೆ. ನಿಬಂಧ ಸ್ಪರ್ಧೆಗೂ ಇದೇ ವಿಷಯ, ಭಾಷಣ ಸ್ಪರ್ಧೆಗೂ ಇದೇ ವಿಷಯ. ಮಕ್ಕಳು ರಾಬರ್ಟ್ ಬ್ರೂಸ್ ರಾಜನ ಜೇಡರಹುಳುವಿನ ಕಥೆಯನ್ನು ತಪ್ಪದೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆದರೆ ಸೋತವರಿಗೆ ಮುಂದಿನ ಮೆಟ್ಟಿಲನ್ನು ಯಾರು ಕಟ್ಟಿಕೊಡುತ್ತಾರೆ ಎಂದು ಯಾವ ಮಗುವೂ ಕೇಳಿದ್ದಿಲ್ಲ. ಮೆಟ್ಟಿಲೇ ಇಲ್ಲದ ಕಡೆ ಕಾಲೆತ್ತಿ ಇಟ್ಟರೆ ಬೀಳುವುದಲ್ಲದೆ ಇನ್ನೇನಾದೀತು?

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ನಮಗೆ ಪರಿಚಯವೇ ಇಲ್ಲದ ಒಂದು ಆಟದ ಚರಿತ್ರೆಯಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫ್ರೆಸ್ನೋ ಎಂಬ ಊರಿನ ಕಾಲೇಜು ಹುಡುಗರು 2008ರಲ್ಲಿ ಬೇಸ್‌ಬಾಲ್ ಆಡಿ ಇಡೀ ದೇಶಕ್ಕೆ ಮೊದಲಿಗರಾದರು. ಆ ಊರಲ್ಲಿ ಕೆಲವು ವರ್ಷ ಇದ್ದು ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಮನೆಗೆ ಬಂದವಳು, "ಅಕ್ಕೋರ, ಅಲ್ಲಿ ಬಿಸಿಲೂ ನಮ್ಮ ವಿಜಯಪುರದ್ದ, ಒಣದ್ರಾಕ್ಷಿನೂ ನಮ್ಮದರಂಗನ. ಆದ್ರ ಆ ಮಂದಿಗೆ ಆಟದ ಹುಚ್ಚು ಭಾಳ" ಎಂದು ಮಾತು ತೆಗೆದಳು. ಆಟದ ಹುಚ್ಚಿನ ಮಾತು ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ. ಆ ತಂಡ ಗೆದ್ದ ವರ್ಷವೇ 31 ಸಲ ಸೋತಿತ್ತು ಎಂದಾಗ ಮಾತ್ರ ಕಿವಿ ನೆಟ್ಟಗಾಯಿತು. ಮೂವತ್ತೊಂದು ಸಲ ಸೋತವರು ಮೊದಲಿಗರಾದದ್ದು ಹೇಗೆ? ಅಂದಿನಿಂದ ಸಿಕ್ಕದ್ದನ್ನೆಲ್ಲ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟದ ಪರಿಚಯ. ಟಿ.ವಿ.ಯಲ್ಲಿ ಕ್ರಿಕೆಟ್ ನಡೆಯುತ್ತಿರುವಾಗ ಮೆಂತೆಪಲ್ಯ ಸೋಸುತ್ತ ಅರೆಗಣ್ಣಿನಲ್ಲಿ ನೋಡಿದವರಿಗೂ ಬೇಸ್‌ಬಾಲ್ ಅರ್ಥವಾಗದ ಆಟವೇನಲ್ಲ. ಒಂದೊಂದು ತಂಡದಲ್ಲಿ ಒಂಬತ್ತು ಜನ. ಒಬ್ಬ ಚೆಂಡು ಎಸೆಯುತ್ತಾನೆ, ಅವನನ್ನು ಪಿಚರ್ ಎನ್ನುತ್ತಾರೆ. ಚೆಂಡು ನೆಲಕ್ಕೆ ಪುಟಿಯುವುದಿಲ್ಲ, ನೇರ ಗಾಳಿಯಲ್ಲೇ ಬರುತ್ತದೆ. ಎದುರಿನವನ ಕೈಯಲ್ಲಿ ಸಣ್ಣ ಒನಕೆಯಂತೆ ಗುಂಡಗಿನ ಬ್ಯಾಟು. ಹೊಡೆಯಬಹುದಾದ ಚೆಂಡನ್ನು ಮೂರು ಸಲ ತಪ್ಪಿಸಿಕೊಂಡರೆ ಅವನು ಔಟು. ಹೊಡೆದರೆ ಓಡಬೇಕು. ಮೈದಾನದ ನಾಲ್ಕು ಮೂಲೆಗಳಲ್ಲಿ ನಾಲ್ಕು ಠಾವುಗಳು. ಮೊದಲನೆಯದು, ಎರಡನೆಯದು, ಮೂರನೆಯದು ದಾಟಿ ಹೊರಟ ಜಾಗಕ್ಕೇ ಮರಳಿ ಬಂದರೆ ಒಂದು ರನ್. ಆ ಹೊರಟ ಜಾಗಕ್ಕೆ ಅವರು ಇಟ್ಟ ಹೆಸರು 'ಹೋಮ್', ಅಂದರೆ ಮನೆ. ಊರೆಲ್ಲ ಸುತ್ತಿ ಕ್ಷೇಮವಾಗಿ ಮನೆ ಸೇರಿದರೆ ಲೆಕ್ಕಕ್ಕೆ ಒಂದು! ಹೆಣ್ಣುಮಕ್ಕಳಿಗೆ ಈ ನಿಯಮ ಬೇಗ ಅರ್ಥವಾದೀತು. ಒಂದು ತಂಡದ ಮೂವರು ಔಟಾದರೆ ಇನ್ನೊಂದು ತಂಡದ ಸರದಿ. ಹೀಗೆ ಒಂಬತ್ತು ಇನ್ನಿಂಗ್ಸ್ ಮುಗಿದರೆ ಆಟ ಮುಗಿದಂತೆ.

ಅಮೆರಿಕದ ಕಾಲೇಜುಗಳಲ್ಲಿ ಈ ಆಟಕ್ಕೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಚರಿತ್ರೆಯಿದೆ. ಎರಡು ಕಾಲೇಜುಗಳ ನಡುವಿನ ಮೊದಲ ಪಂದ್ಯ 1859ರ ಜುಲೈ 1ರಂದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಡೆಯಿತು. ಆಮ್‌ಹರ್ಸ್ಟ್ ಕಾಲೇಜಿನವರು ವಿಲಿಯಮ್ಸ್ ಕಾಲೇಜಿನವರನ್ನು 73-32ರಿಂದ ಸೋಲಿಸಿದರು. ಅದಾದ ಏಳೇ ವರ್ಷಕ್ಕೆ, 1866ರಲ್ಲಿ, ನ್ಯೂಯಾರ್ಕ್ ರಾಜ್ಯದ ವಾಸರ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹುಡುಗಿಯರೇ ತಂಡ ಕಟ್ಟಿ ಆಡಿದರು. ನೆಲ ಗುಡಿಸುವಷ್ಟು ಉದ್ದದ ಲಂಗ ತೊಡುತ್ತಿದ್ದ ಕಾಲವದು. ಮುಂದೆ ಹುಡುಗಿಯರ ಪಾಲಿಗೆ ಬಂದದ್ದು ಸಾಫ್ಟ್‌ಬಾಲ್, ಅಂದರೆ ಚೆಂಡು ದೊಡ್ಡದು, ಮೈದಾನ ಚಿಕ್ಕದು, ಕೈ ಕೆಳಗಿನಿಂದ ಎಸೆತ. ಹೆಸರಿಗೆ ಮೆತ್ತನೆಯ ಚೆಂಡು, ಆದರೆ ಇಂದಿನ ಪಂದ್ಯಗಳ ಚೆಂಡು ಮೆತ್ತಗೇನೂ ಇಲ್ಲ. ಈ ಸಾಫ್ಟ್‌ಬಾಲಿನ ಮಾತು ಮುಂದೆ ಬರುತ್ತದೆ, ಓದುಗರು ನೆನಪಿಟ್ಟುಕೊಂಡಿರಬೇಕು.

ಕಾಲೇಜುಗಳ ರಾಷ್ಟ್ರಮಟ್ಟದ ಬೇಸ್‌ಬಾಲ್ ಸ್ಪರ್ಧೆ ಆರಂಭವಾದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಆ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಯೇಲ್ ವಿಶ್ವವಿದ್ಯಾಲಯವನ್ನು ಸೋಲಿಸಿದರು. ಸೋತ ಯೇಲ್ ತಂಡದಲ್ಲಿ ಮೊದಲ ಬೇಸ್ ಕಾಯುತ್ತಿದ್ದ ಹುಡುಗ ಜಾರ್ಜ್ ಬುಷ್, 1989ರಲ್ಲಿ ಅಮೆರಿಕದ ಅಧ್ಯಕ್ಷರಾದ ಹಿರಿಯ ಬುಷ್. 1950ರಿಂದ ಈ ಸ್ಪರ್ಧೆಯ ಕೊನೆಯ ಘಟ್ಟ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ನಡೆಯುತ್ತ ಬಂತು. ವರ್ಷ ವರ್ಷ ಅಲ್ಲಿಗೇ ಹೋಗುವುದರಿಂದ ಕಾಲೇಜು ಆಟಗಾರರಿಗೆ ಒಮಾಹಾ ಎಂದರೆ ನಮಗೆ ಪಂಢರಪುರವಿದ್ದಂತೆ. 2008ರಲ್ಲಿ ಪಂದ್ಯಗಳು ನಡೆದದ್ದು ಅಲ್ಲಿನ ರೋಸೆನ್‌ಬ್ಲಾಟ್ ಕ್ರೀಡಾಂಗಣದಲ್ಲಿ.

ಈ ಸ್ಪರ್ಧೆಯ ಒಂದು ನಿಯಮವನ್ನು ಇಲ್ಲಿ ವಿವರಿಸಲೇಬೇಕು, ನನ್ನ ಪ್ರಬಂಧದ ಬೇರೇ ಅದರಲ್ಲಿದೆ. ದೇಶದ ನೂರಾರು ಕಾಲೇಜುಗಳಿಂದ 64 ತಂಡಗಳನ್ನು ಆರಿಸಿ, ನಾಲ್ಕು ನಾಲ್ಕರಂತೆ 16 ಗುಂಪು ಮಾಡುತ್ತಾರೆ. ಪ್ರತಿ ಗುಂಪಿನಲ್ಲೂ ಬಲಾಬಲ ನೋಡಿ ಒಂದರಿಂದ ನಾಲ್ಕರವರೆಗೆ ಸ್ಥಾನ ಕೊಡುತ್ತಾರೆ. ನಾಲ್ಕನೆಯ ಸ್ಥಾನ ಎಂದರೆ ಮದುವೆಯ ಪಂಕ್ತಿಯಲ್ಲಿ ಕೊನೆಯ ಎಲೆ ಎಂದೇ ಲೆಕ್ಕ. ಗುಂಪಿನಲ್ಲಿ ಒಂದು ಸಲ ಸೋತರೆ ಹೊರಗೆ ಹಾಕುವುದಿಲ್ಲ. ಎರಡನೆಯ ಸಲ ಸೋತರೆ ಮಾತ್ರ ಊರಿಗೆ ಹೊರಡಬೇಕು. ಗುಂಪಿನಲ್ಲಿ ಗೆದ್ದ 16 ತಂಡಗಳು ಎರಡೆರಡಾಗಿ ಎದುರಾಗಿ ಮೂರು ಆಟ ಆಡುತ್ತವೆ, ಎರಡು ಗೆದ್ದವರು ಒಮಾಹಾಕ್ಕೆ. ಅಲ್ಲಿ ಎಂಟು ತಂಡಗಳ ಎರಡು ಗುಂಪು, ಅಲ್ಲಿಯೂ ಎರಡು ಸಲ ಸೋತರೆ ಮಾತ್ರ ಹೊರಗೆ. ಕೊನೆಯ ಹೋರಾಟವೂ ಮೂರು ಆಟಗಳದು. ಅಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಸೋಲಿನಿಂದ ಯಾರ ಬದುಕೂ ಮುಗಿಯುವುದಿಲ್ಲ. ಇದು ಯಾರೋ ದೊಡ್ಡವರು ಮರುಕಪಟ್ಟು ಕೊಡುವ ಅವಕಾಶವಲ್ಲ. ಆಟ ಶುರುವಾಗುವ ಮೊದಲೇ ಎಲ್ಲರಿಗೂ ಸಮನಾಗಿ ಬರೆದಿಟ್ಟ ನಿಯಮ.

ಇನ್ನು ಫ್ರೆಸ್ನೋ ಊರಿಗೆ ಬರೋಣ. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ ಎಂಬ ಎರಡು ಹೆಸರಾಂತ ನಗರಗಳ ನಡುವೆ, ಸಮುದ್ರದಿಂದ ದೂರ, ಸ್ಯಾನ್ ವಾಕೀನ್ ಕಣಿವೆಯಲ್ಲಿ ಈ ಊರಿದೆ. ನೋಡಬಂದ ಪ್ರವಾಸಿಗರು ಇಲ್ಲಿ ನಿಲ್ಲುವುದು ಕಡಿಮೆ. ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿ ದಾಟುವುದು ಅಲ್ಲಿ ದಿನನಿತ್ಯದ ಮಾತು. ಅಮೆರಿಕದ ಒಣದ್ರಾಕ್ಷಿಯೆಲ್ಲ ಹೆಚ್ಚುಕಡಿಮೆ ಈ ಊರಿನ ಸುತ್ತಲೇ ಬೆಳೆದದ್ದು. ಗೊನೆಗಳನ್ನು ಕೊಯ್ದು ಸಾಲುಗಳ ನಡುವೆ ಕಾಗದದ ಮೇಲೆ ಹರಡಿ ಬಿಸಿಲಿಗೆ ಬಿಡುವುದು ಅಲ್ಲಿನ ಹಳೆಯ ಪದ್ಧತಿ. ಒಣಗುವ ಹೊತ್ತಿಗೆ ಮಳೆ ಬಿದ್ದರೆ ವರ್ಷದ ದುಡಿಮೆ ನೀರುಪಾಲು. ಅರ್ಮೇನಿಯದಿಂದ, ಮೆಕ್ಸಿಕೋದಿಂದ, ಜಪಾನಿನಿಂದ, ನಮ್ಮ ಪಂಜಾಬಿನಿಂದ ಬಂದ ಕುಟುಂಬಗಳು ಆ ಕಣಿವೆಯ ಮಣ್ಣಿನಲ್ಲಿ ಬೆವರು ಸುರಿಸಿವೆ. ವಿಲಿಯಂ ಸರೋಯನ್ ಎಂಬ ಪ್ರಸಿದ್ಧ ಕಥೆಗಾರ 1908ರಲ್ಲಿ ಹುಟ್ಟಿದ್ದು ಇಲ್ಲಿನ ಒಂದು ಅರ್ಮೇನಿಯನ್ ಮನೆಯಲ್ಲಿ.

ಊರಿನ ವಿಶ್ವವಿದ್ಯಾಲಯವನ್ನು ಜನ ಫ್ರೆಸ್ನೋ ಸ್ಟೇಟ್ ಎನ್ನುತ್ತಾರೆ. ಅದು 1911ರಲ್ಲಿ ಆರಂಭವಾದದ್ದು ಶಿಕ್ಷಕರ ತರಬೇತಿ ಶಾಲೆಯಾಗಿ. ಬಿ.ಎಡ್. ಮಾಡಿ ಜೀವನವಿಡೀ ಸೀಮೆಸುಣ್ಣ ಹಿಡಿದ ನನಗೆ ಈ ಸಂಗತಿ ಓದಿ ಆ ಕಾಲೇಜು ನಮ್ಮವರದೇ ಅನ್ನಿಸಿತು. ಅದರ ಫುಟ್‌ಬಾಲ್ ಆಟಗಾರರ ಶಿರಸ್ತ್ರಾಣದ ಮೇಲೆ ಹಸಿರು ಬಣ್ಣದ 'ವಿ' ಅಕ್ಷರವಿರುತ್ತದೆ. ಅದು ಕಣಿವೆ ಎಂಬ ಇಂಗ್ಲಿಷ್ ಪದದ ಮೊದಲಕ್ಷರ, ಸುತ್ತಲಿನ ಒಕ್ಕಲು ಮಂದಿಗೆ ಸಲ್ಲಿಸಿದ ಗೌರವ. ತಂಡಗಳ ಹೆಸರು ಬುಲ್‌ಡಾಗ್ಸ್. ಬೇಸ್‌ಬಾಲಿನಲ್ಲಿ ಈ ಕಾಲೇಜು 1959, 1988 ಮತ್ತು 1991ರಲ್ಲಿ ಒಮಾಹಾ ಮುಟ್ಟಿ ಬರಿಗೈಯಲ್ಲಿ ಮರಳಿತ್ತು.

2008ರ ತಂಡಕ್ಕೆ ಮೈಕ್ ಬೇಟ್‌ಸೋಲ್ ತರಬೇತುದಾರರು. ಋತುವಿನ ಆರಂಭ ಚೆನ್ನಾಗಿರಲಿಲ್ಲ. ಮೊದಲ ಇಪ್ಪತ್ತು ಆಟಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. ತಂಡದ ಅತ್ಯುತ್ತಮ ಪಿಚರ್ ಟ್ಯಾನರ್ ಶೆಪರ್ಸ್ ಭುಜದ ನೋವಿನಿಂದ ಮುಖ್ಯ ಹೊತ್ತಿನಲ್ಲೇ ಹೊರಗುಳಿದ. ಬಲಬದಿಯ ಮೈದಾನ ಕಾಯುತ್ತಿದ್ದ ಸ್ಟೀವ್ ಡೆಟ್‌ವೈಲರ್‌ನ ಎಡಗೈ ಹೆಬ್ಬೆರಳಿನ ಸ್ನಾಯುಬಂಧ ಹರಿದಿತ್ತು. ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿ, ಬೆರಳಿಗೆ ಪಟ್ಟಿ ಸುತ್ತಿಕೊಂಡು ಆಡಿದ. ಮೂರನೆಯ ಬೇಸ್ ಕಾಯುವ ಟಾಮಿ ಮೆಂಡೋನ್ಸಾನಿಗೆ ಬೆರಳುಗಳ ಕೀಲು ತಪ್ಪಿತ್ತು. ಈ ಸ್ಥಿತಿಯಲ್ಲೂ ತಮ್ಮ ವಲಯದಲ್ಲಿ ಮೊದಲಿಗರಾಗಿ, 37 ಗೆಲುವು 27 ಸೋಲುಗಳೊಂದಿಗೆ ರಾಷ್ಟ್ರೀಯ ಸ್ಪರ್ಧೆಗೆ ಬಂದರು. ಸಿಕ್ಕಿದ್ದು ಲಾಂಗ್ ಬೀಚ್ ನಗರದ ಗುಂಪಿನಲ್ಲಿ ನಾಲ್ಕನೆಯ ಸ್ಥಾನ, ಅಂದರೆ ಕೊನೆಯ ಎಲೆ.

ಮೊದಲ ಆಟ ಆತಿಥೇಯರಾದ ಲಾಂಗ್ ಬೀಚ್ ಸ್ಟೇಟ್ ತಂಡದ ಎದುರಿಗೇ. ಅವರು ಗುಂಪಿನ ಮೊದಲ ಸ್ಥಾನದವರು. ಕೊನೆಯವರು ಮೊದಲನೆಯವರನ್ನು ಸೋಲಿಸಿದರು. ಮುಂದೆ ಸ್ಯಾನ್ ಡಿಯೇಗೋ ತಂಡದ ಕೈಯಲ್ಲಿ ಒಂದು ಸಲ ಸೋತರು. ಇನ್ನೊಂದು ಸೋತಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸೋಲಲಿಲ್ಲ, ಗುಂಪು ಗೆದ್ದರು. ಎರಡನೆಯ ಹಂತದಲ್ಲಿ ಎದುರಾದದ್ದು ಇಡೀ ದೇಶದಲ್ಲಿ ಮೂರನೆಯ ಸ್ಥಾನ ಪಡೆದಿದ್ದ ಅರಿಜೋನಾ ಸ್ಟೇಟ್, ಅದೂ ಅವರದೇ ಅಂಗಳದಲ್ಲಿ. ಮೊದಲ ಆಟವನ್ನು 12-4ರಿಂದ ಕಳೆದುಕೊಂಡರು. ನಂತರದ ಎರಡನ್ನು 8-6, 12-9ರಿಂದ ಗೆದ್ದು ಒಮಾಹಾ ಬಸ್ಸು ಹಿಡಿದರು ಎನ್ನಿ.

ಒಮಾಹಾದಲ್ಲಿ ಇವರನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಇಂಗ್ಲಿಷಿನಲ್ಲಿ ಗೆಲ್ಲುವ ಭರವಸೆಯಿಲ್ಲದ ಪಕ್ಷಕ್ಕೆ 'ಅಂಡರ್‌ಡಾಗ್' ಎನ್ನುತ್ತಾರೆ. ಬುಲ್‌ಡಾಗ್‌ಗಳು ಅಂಡರ್‌ಡಾಗ್‌ಗಳಾದರು ಎಂದು ಜನ ಆಡಿಕೊಂಡರೆ, ಫ್ರೆಸ್ನೋದ ಅಭಿಮಾನಿಗಳು ತಾವೇ ಅದಕ್ಕೊಂದು ಬಾಲ ಜೋಡಿಸಿ 'ವಂಡರ್‌ಡಾಗ್' ಎಂದು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರು. ಮೊದಲ ದಿನವೇ ಆರನೆಯ ಸ್ಥಾನದ ರೈಸ್ ವಿಶ್ವವಿದ್ಯಾಲಯವನ್ನು 17-5ರಿಂದ ಸೋಲಿಸಿದಾಗ ನೋಡುವವರ ಕಣ್ಣು ಅರಳಿತು. ಎರಡನೆಯ ಸ್ಥಾನದ ನಾರ್ತ್ ಕ್ಯಾರೊಲೈನಾ ತಂಡದ ಮೇಲೆ 5-3ರಿಂದ ಗೆದ್ದರು. ಅದೇ ತಂಡ ಮತ್ತೆ ಎದುರಾಗಿ ಇವರನ್ನು 4-3ರಿಂದ ಸೋಲಿಸಿತು. ಮತ್ತೆ ಅದೇ ತುದಿಗಾಲ ಸ್ಥಿತಿ. ಮರುಸಲ 6-1ರಿಂದ ಗೆದ್ದು ಅಂತಿಮ ಹೋರಾಟಕ್ಕೆ ಬಂದರು.

ಅಂತಿಮ ಹೋರಾಟ ಜಾರ್ಜಿಯಾ ವಿಶ್ವವಿದ್ಯಾಲಯದ ಮೇಲೆ. ಜೂನ್ 23ರ ಮೊದಲ ಆಟದಲ್ಲಿ ಫ್ರೆಸ್ನೋ ಹುಡುಗರು ಮುಂದಿದ್ದರು. ಎಂಟನೆಯ ಇನ್ನಿಂಗ್ಸಿನಲ್ಲಿ ಜಾರ್ಜಿಯಾದವರು ನಾಲ್ಕು ರನ್ ಹೊಡೆದು 7-6ರಿಂದ ಕಸಿದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಮರುದಿನ ಆರಂಭದಲ್ಲೇ ಐದು ರನ್ ಹಿಂದೆ ಬಿದ್ದರು. ಟಿ.ವಿ. ನೋಡುತ್ತಿದ್ದವರಲ್ಲಿ ಎಷ್ಟು ಜನ ಆರಿಸಿ ಎದ್ದುಹೋದರೋ! ಎದ್ದುಹೋದವರು ಚರಿತ್ರೆಯನ್ನೇ ತಪ್ಪಿಸಿಕೊಂಡರು. ಆ ಆಟ ಮುಗಿದಾಗ ಅಂಕ 19-10, ಗೆದ್ದವರು ಫ್ರೆಸ್ನೋದವರು.

ಜೂನ್ 25, 2008. ಮೂರನೆಯ ಆಟ. ಜಸ್ಟಿನ್ ವಿಲ್ಸನ್ ಎಂಬ ಎಡಗೈ ಪಿಚರ್ ಮೂರೇ ದಿನದ ವಿಶ್ರಾಂತಿಯ ಮೇಲೆ ಬಂದು ಎಂಟು ಇನ್ನಿಂಗ್ಸ್ ಎಸೆದ, ಬಿಟ್ಟುಕೊಟ್ಟದ್ದು ಒಂದೇ ರನ್. ಹೆಬ್ಬೆರಳು ಹರಿದ ಡೆಟ್‌ವೈಲರ್ ಆ ದಿನ ನಾಲ್ಕು ಸಲ ಬ್ಯಾಟು ಹಿಡಿದ, ನಾಲ್ಕೂ ಸಲ ಹೊಡೆದ. ಅದರಲ್ಲಿ ಎರಡು ಹೋಮ್‌ರನ್, ಅಂದರೆ ಚೆಂಡು ಬೇಲಿಯಾಚೆ. ತಂಡದ ಆರಕ್ಕೆ ಆರೂ ರನ್ನುಗಳು ಅವನ ಹೊಡೆತಗಳಿಂದಲೇ ಬಂದವು. ಕೊನೆಗೆ ಜಾರ್ಜಿಯಾದವರು ಎತ್ತಿ ಹೊಡೆದ ಚೆಂಡು ಬಲಬದಿಗೆ ಹಾರಿಬಂದಾಗ ಕೆಳಗೆ ಕೈಯೊಡ್ಡಿ ನಿಂತವನೂ ಅವನೇ. ಹಿಡಿದ. ಅಂಕ 6-1. ಆಟವೂ ಮುಗಿಯಿತು, ಋತುವೂ ಮುಗಿಯಿತು.

ಸರಣಿಯ ಶ್ರೇಷ್ಠ ಆಟಗಾರ ಎಂಬ ಗೌರವ ಮೆಂಡೋನ್ಸಾನಿಗೆ ಸಂದಿತು. ಬೇಕೆಂದೇ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲೇ ಇಡುತ್ತೇನೆ. ಅದೇ ಋತುವಿನಲ್ಲಿ ಮೂರೂ ಚೆಂಡು ತಪ್ಪಿಸಿಕೊಂಡು ಆತ ಔಟಾದದ್ದು ನೂರರ ಸಮೀಪ ಸಲ. ಅಷ್ಟು ಸಲ ತಲೆ ತಗ್ಗಿಸಿ ಹಿಂತಿರುಗಿದ ಹುಡುಗನನ್ನು ತರಬೇತುದಾರರು ಕೂರಿಸಿಬಿಟ್ಟಿದ್ದರೆ?

ಒಮಾಹಾದ ಏಳು ಆಟಗಳಲ್ಲಿ ಅವರು ಗಳಿಸಿದ ರನ್ 62. ವರ್ಷದ ಒಟ್ಟು ಲೆಕ್ಕ 47 ಗೆಲುವು, 31 ಸೋಲು. ಸ್ಪರ್ಧೆಗೆ 64 ತಂಡಗಳನ್ನು ಕರೆಯುವ ಪದ್ಧತಿ 1999ರಲ್ಲಿ ಶುರುವಾದ ಮೇಲೆ ಗುಂಪಿನ ನಾಲ್ಕನೆಯ ಸ್ಥಾನದ ತಂಡ ದೇಶ ಗೆದ್ದದ್ದು ಅದೇ ಮೊದಲು. ನಾನು ಲೆಕ್ಕ ಹಾಕಿ ನೋಡಿದೆ. ಇನ್ನೊಂದು ಸೋತರೆ ಮನೆಗೆ ಎಂಬ ಸ್ಥಿತಿಯಲ್ಲಿ ಅವರು ಆಡಿದ ಆಟಗಳು ಆರು, ಆರನ್ನೂ ಗೆದ್ದರು. ಒಂದೇ ಸೋಲಿಗೆ ಹೊರಗೆ ಎಂಬ ನಿಯಮವಿದ್ದಿದ್ದರೆ ಅವರು ಲಾಂಗ್ ಬೀಚಿನಿಂದಲೇ ಊರಿಗೆ ಹೋಗಬೇಕಾಗಿತ್ತು. ಡೆಟ್‌ವೈಲರ್‌ನ ಹೆಬ್ಬೆರಳಿನ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಡುಗರ ಛಲವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಛಲ ತೋರಿಸಲು ಅವರಿಗೊಂದು ಮರುದಿನ ಸಿಕ್ಕಿತು, ಆ ಮರುದಿನವನ್ನು ನಿಯಮ ಕೊಟ್ಟಿತು.

ಈಗ ಸಾಫ್ಟ್‌ಬಾಲಿನ ಮಾತು. 2008ರ ಗೆಲುವನ್ನು ಓದುವಾಗ ಆ ವಿಶ್ವವಿದ್ಯಾಲಯ ಮೊದಲ ದರ್ಜೆಯಲ್ಲಿ ಗೆದ್ದ ಮೊದಲ ರಾಷ್ಟ್ರೀಯ ಕಿರೀಟ ಇದೇ ಇರಬೇಕು ಅನ್ನಿಸುತ್ತದೆ. ಅಲ್ಲ. ಮೊದಲನೆಯದನ್ನು ತಂದವರು ಹೆಣ್ಣುಮಕ್ಕಳು, ಹತ್ತು ವರ್ಷ ಮೊದಲೇ, 1998ರಲ್ಲಿ. ಮಾರ್ಜಿ ರೈಟ್ ಎಂಬ ತರಬೇತುದಾರ್ತಿಯ ಸಾಫ್ಟ್‌ಬಾಲ್ ತಂಡ ಓಕ್ಲಹೋಮಾ ನಗರದ ಅಂತಿಮ ಪಂದ್ಯದಲ್ಲಿ ಅರಿಜೋನಾ ವಿಶ್ವವಿದ್ಯಾಲಯವನ್ನು 1-0ರಿಂದ ಸೋಲಿಸಿತು. ಆ ಒಂದೇ ಒಂದು ರನ್ ನೀನಾ ಲಿಂಡೆನ್‌ಬರ್ಗ್ ಎಂಬ ಹುಡುಗಿಯ ಹೋಮ್‌ರನ್. ರೈಟ್ ಅವರು 1986ರಿಂದ 2012ರವರೆಗೆ ಅಲ್ಲಿ ದುಡಿದರು. 2014ರಲ್ಲಿ ಹುಡುಗಿಯರು ಆಡುವ ಮೈದಾನಕ್ಕೆ ಅವರ ಹೆಸರನ್ನೇ ಇಟ್ಟರು.

ಆ ಹುಡುಗಿಯರಿಗೂ ಅವಕಾಶ ಸಿಕ್ಕಿದ್ದು ಬರೆದಿಟ್ಟ ಒಂದು ನಿಯಮದಿಂದಲೇ. 1972ರ ಜೂನ್ 23ರಂದು ಅಮೆರಿಕದಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣೆಂಬ ಭೇದ ಮಾಡಕೂಡದು ಎಂಬುದು ಅದರ ತಿರುಳು. ಅಲ್ಲಿಯವರೆಗೆ ಕಾಲೇಜುಗಳಲ್ಲಿ ಮೈದಾನ, ವಿದ್ಯಾರ್ಥಿವೇತನ, ಪ್ರಯಾಣದ ಖರ್ಚು ಎಲ್ಲದರಲ್ಲೂ ಹುಡುಗಿಯರ ಪಾಲಿಗೆ ಉಳಿಕೆ ಬಳಿಕೆ. ಗಂಡಸರೆಲ್ಲ ಉಂಡೆದ್ದ ಮೇಲೆ ಪಾತ್ರೆಯ ತಳ ಕೆರೆದು ಬಡಿಸಿಕೊಳ್ಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾನೂನು ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದೂ ಅಲ್ಲ. ಇದೇ ಫ್ರೆಸ್ನೋದಲ್ಲಿ ವಾಲಿಬಾಲ್ ತರಬೇತಿ ಕೊಡುತ್ತಿದ್ದ ಲಿಂಡಿ ವೀವಸ್ ಎಂಬವರ ಒಪ್ಪಂದವನ್ನು ವಿಶ್ವವಿದ್ಯಾಲಯ 2004ರಲ್ಲಿ ಮುಂದುವರಿಸಲಿಲ್ಲ. ಹೆಣ್ಣುಮಕ್ಕಳ ಆಟಕ್ಕೆ ನ್ಯಾಯ ಕೇಳಿದ್ದಕ್ಕೇ ಈ ಶಿಕ್ಷೆ ಎಂದು ಅವರು ನ್ಯಾಯಾಲಯಕ್ಕೆ ಹೋದರು. ವಿಶ್ವವಿದ್ಯಾಲಯ ಅದನ್ನು ಒಪ್ಪಲಿಲ್ಲ. 2007ರ ಜುಲೈಯಲ್ಲಿ ತೀರ್ಪುಗಾರರ ಮಂಡಳಿ ವೀವಸ್ ಅವರ ಮಾತನ್ನು ಎತ್ತಿಹಿಡಿದು 58.5 ಲಕ್ಷ ಡಾಲರ್ ಪರಿಹಾರ ಹೇಳಿತು. ನಂತರ ನ್ಯಾಯಾಲಯ ಮೊತ್ತವನ್ನು ಇಳಿಸಿತಾದರೂ ತೀರ್ಪು ನಿಂತಿತು. ಅಂದರೆ ಹುಡುಗರು ಒಮಾಹಾದಲ್ಲಿ ಗೆಲ್ಲುವ ಹನ್ನೊಂದು ತಿಂಗಳ ಹಿಂದೆ ಅದೇ ಕಾಲೇಜಿನ ಒಬ್ಬ ಹೆಂಗಸು ಬೇರೊಂದು ಅಂಗಳದಲ್ಲಿ ಗೆದ್ದಿದ್ದರು. ಒಂದು ಗೆಲುವಿಗೆ ಊರೆಲ್ಲ ಕೆಂಪು ಅಂಗಿ ತೊಟ್ಟು ಬೀದಿಗಿಳಿಯಿತು. ಇನ್ನೊಂದು ಪತ್ರಿಕೆಯ ಸುದ್ದಿಯಾಗಿ ಮುಗಿಯಿತು. ಎರಡನ್ನೂ ಒಂದೇ ಪುಟದಲ್ಲಿ ಬರೆದಿಡಬೇಕೆಂದು ನನಗೆ ಅನ್ನಿಸಿತು.

ಇದೆಲ್ಲ ನನ್ನನ್ನು ಇಷ್ಟೊಂದು ಏಕೆ ಕಾಡಿತು ಎಂಬುದನ್ನೂ ಹೇಳಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹಳ್ಳಿಯ ಶಾಲೆಗಳಲ್ಲಿ ಏನು ನಡೆಯುತ್ತದೆಂದು ಶಿಕ್ಷಕಿಯರಿಗೆಲ್ಲ ಗೊತ್ತು. ಹುಡುಗ ನಪಾಸಾದರೆ ಮನೆಯಲ್ಲಿ ನಾಲ್ಕು ಏಟು ಬಿದ್ದಾವು, ಬೈಗುಳ ಬಿದ್ದಾವು, ಆದರೆ ಮತ್ತೆ ಫೀ ಕಟ್ಟುತ್ತಾರೆ. ಹುಡುಗಿ ನಪಾಸಾದರೆ ಬೈಗುಳವೂ ಇರುವುದಿಲ್ಲ. ತಣ್ಣಗೆ ವರ ನೋಡಲು ಹೊರಡುತ್ತಾರೆ. ಹಲವು ವರ್ಷಗಳ ಹಿಂದಿನ ಮಾತು. ಗಣಿತವೊಂದರಲ್ಲೇ ಉಳಿದಿದ್ದ ಹುಡುಗಿಯೊಬ್ಬಳ ತಂದೆಗೆ ಮತ್ತೊಮ್ಮೆ ಪರೀಕ್ಷೆಗೆ ಕೂಡಿಸಿರೆಂದು ಹೇಳಲು ಅವರ ಮನೆಗೆ ಹೋಗಿದ್ದೆ. ಅವರು ಕೆಟ್ಟವರಲ್ಲ. ಚಾಪೆ ಹಾಸಿ ಕೂರಿಸಿ, ಚಹಾ ಕೊಡಿಸಿ, ಕೈಮುಗಿದು ಹೇಳಿದರು: "ಅಕ್ಕೋರ, ನೀವು ಹೇಳೂದು ಖರೇ ಐತ್ರಿ. ಆದ್ರ ಒಮ್ಮೆ ಬಿದ್ದಾಕಿ ಮತ್ತ ಏಳತಾಳನ್ನೂ ಗ್ಯಾರಂಟಿ ಏನೈತ್ರಿ?" ಬಾಗಿಲ ಹಿಂದೆ ಹುಡುಗಿ ನಿಂತಿದ್ದಳು, ಬಳೆಯ ಸದ್ದು ಕೇಳುತ್ತಿತ್ತು. ಆ ದೀಪಾವಳಿಯ ಮುಂದೆ ಅವಳ ಮದುವೆಯಾಯಿತು.

ಗ್ಯಾರಂಟಿ ಯಾರಿಗೆ ಯಾರು ಕೊಟ್ಟಾರು? ಫ್ರೆಸ್ನೋ ಹುಡುಗರಿಗೂ ಅರಿಜೋನಾದಲ್ಲಿ ಸೋತ ರಾತ್ರಿ ಯಾವ ಗ್ಯಾರಂಟಿಯೂ ಇರಲಿಲ್ಲ. 64 ತಂಡಗಳಲ್ಲಿ 63 ತಂಡಗಳು ಕಡೆಗೆ ಸೋತೇ ಮನೆಗೆ ಹೋಗುತ್ತವೆ. ಎರಡನೆಯ ಅವಕಾಶ ಸಿಕ್ಕಿದವರೆಲ್ಲ ಗೆದ್ದುಬಿಡುತ್ತಾರೆ ಎಂದು ನಾನು ಮಕ್ಕಳಿಗೆ ಸುಳ್ಳು ಹೇಳಲಾರೆ. ಒಂದು ಸಲ ಬಿದ್ದದ್ದನ್ನೇ ಕೊನೆಯ ಲೆಕ್ಕವೆಂದು ಬರೆದುಕೊಳ್ಳಬೇಡಿ ಎಂದಷ್ಟೇ ಹೇಳಬಲ್ಲೆ. ಅದನ್ನು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರಿಗೆ ಹೇಳಬೇಕಾಗಿದೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿದರು. ಅದರ ಸಾಧಕ ಬಾಧಕಗಳ ಬಗ್ಗೆ ಶಿಕ್ಷಕರ ಕೊಠಡಿಗಳಲ್ಲಿ ಬೇಕಾದಷ್ಟು ವಾದ ನಡೆಯಿತು. ನನಗೆ ಮಾತ್ರ ಒಂದು ಸಂತೋಷ. ಜೂನಿನ ಪರೀಕ್ಷೆಗೆ ಹುಡುಗಿಯನ್ನು ಕೂಡಿಸಿರೆಂದು ತಂದೆಯ ಮುಂದೆ ಬೇಡಿಕೊಳ್ಳುವ ಬದಲು, "ನಿಯಮವೇ ಇದೆಯಲ್ಲಪ್ಪ, ಇನ್ನೂ ಎರಡು ಅವಕಾಶ ಉಳಿದಿವೆ" ಎಂದು ನೆಟ್ಟಗೆ ಕೂತು ಹೇಳಬಹುದಾಗಿತ್ತು. ಬೇಡಿ ಕೇಳುವುದಕ್ಕೂ ನಿಯಮ ತೋರಿಸಿ ಕೇಳುವುದಕ್ಕೂ ಎಷ್ಟು ಅಂತರ!

ಮನೆಯಲ್ಲಿ ನಿಯಮ ಬರೆಯುವವರು ಸರ್ಕಾರದವರಲ್ಲ, ನಾವು. ಮಗಳು ಒಂದು ಪರೀಕ್ಷೆಯಲ್ಲಿ ಬಿದ್ದರೆ, ಸೊಸೆಯ ಮೊದಲ ನೌಕರಿ ಕೈಬಿಟ್ಟುಹೋದರೆ, ನೆರೆಮನೆಯ ಹುಡುಗಿ ಕೆಟ್ಟ ಮದುವೆಯಿಂದ ತವರಿಗೆ ಮರಳಿದರೆ, ಇನ್ನೊಂದು ಆಟ ಬಾಕಿಯಿದೆ ಎಂದು ಹೇಳುವ ಅಧಿಕಾರ ಎಷ್ಟೋ ಸಲ ನಮ್ಮ ಕೈಯಲ್ಲೇ ಇರುತ್ತದೆ. ಅತ್ತೆಯಾಗಿ, ತಾಯಿಯಾಗಿ, ಅಕ್ಕನಾಗಿ, ಶಿಕ್ಷಕಿಯಾಗಿ ನಾವು ಅದನ್ನು ಬಳಸುತ್ತೇವೆಯೇ ಎಂಬುದು ನಾವು ನಾವೇ ಕೇಳಿಕೊಳ್ಳಬೇಕಾದ ಮಾತು.

ಫ್ರೆಸ್ನೋ ಸುತ್ತಲ ಹೊಲಗಳಲ್ಲಿ ದ್ರಾಕ್ಷಿಗೊನೆಯನ್ನು ಬಿಸಿಲಿಗೆ ಹಾಸಿದ ಮೇಲೆ ಕೆಲವು ದಿನಕ್ಕೆ ಮಗುಚಿ ಹಾಕುವ ಪದ್ಧತಿಯಿತ್ತಂತೆ. ಒಂದು ಮಗ್ಗುಲು ಒಣಗಿದರೆ ಸಾಲದು, ಇನ್ನೊಂದು ಮಗ್ಗುಲಿಗೂ ಬಿಸಿಲು ಕಾಣಿಸಬೇಕು. ಗೊನೆ ತಾನಾಗಿ ಮಗುಚಿಕೊಳ್ಳುವುದಿಲ್ಲ. ಯಾರಾದರೊಬ್ಬರು ಬಗ್ಗಿ, ಕೈಯಿಟ್ಟು, ತಿರುವಿ ಹಾಕಬೇಕು.